ಚುಕ್ಕಿ ಇಲ್ಲದ ಐವತ್ತೆರಡು

ಪ್ರತಿ ಸೋಮವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ದಾಕ್ಷಾಯಿಣಿ ಸೊನ್ನೆಗೆ ಕೂರುತ್ತಿದ್ದಳು. ಧಾರವಾಡದ ತವಕಮಾಪನ ಕೇಂದ್ರದಲ್ಲಿ ಎಲ್ಲರೂ ಅದನ್ನು ಹಾಗೇ ಕರೆಯುತ್ತಿದ್ದರು. “ದಾಕ್ಷಾ ಮೇಡಂ ಸೊನ್ನೆಗೆ ಕುಂತಾರ, ಬಾಗಲಾ ಹಾಕ್ರಿ” ಎಂದು ಮೆಕ್ಯಾನಿಕ್ ರಾಜೇಸಾಬ ನದಾಫ ಕೂಗಿದನೆಂದರೆ ಕಾರಿಡಾರಿನಲ್ಲಿ ಚಪ್ಪಲಿ ಸದ್ದು ನಿಲ್ಲುತ್ತಿತ್ತು. ಅವಳ ಕುತ್ತಿಗೆಗೆ ಎರಡು, ಮಣಿಕಟ್ಟಿಗೆ ಎರಡು, ಹಣೆಗೆ ಒಂದು ಪಟ್ಟಿ ಅಂಟಿಸುತ್ತಿದ್ದರು. ಎದುರಿನ ಪರದೆಯ ಮೇಲೆ ಏಳು ನಿಮಿಷ ಚಿತ್ರಗಳು ಓಡುತ್ತಿದ್ದವು. ಚೆಲುವ ಗಂಡಸರು, ಚೆಲುವೆಯರು, ಕೈ ಹಿಡಿದವರು, ಅಪ್ಪಿಕೊಂಡವರು, ಅದರ ಮುಂದಿನದೂ. ದಾಕ್ಷಾಯಿಣಿ ಅವನ್ನೆಲ್ಲ ಬಸ್ ನಿಲ್ದಾಣದಲ್ಲಿ ಜಾಹೀರಾತು ನೋಡುವವರ ಹಾಗೆ ನೋಡಿ, ಎದ್ದು, ಚಹಾ ಕುಡಿಯಲು ಹೋಗುತ್ತಿದ್ದಳು. ಆ ಏಳು ನಿಮಿಷ ತಪ್ಪಿದರೆ ರಾಜ್ಯದಲ್ಲಿ ಆ ವಾರ ಒಂದು ಮದುವೆಯೂ ನೋಂದಣಿ ಆಗುತ್ತಿರಲಿಲ್ಲ.

ಕುರ್ಚಿ ಏರದೆ ಮದುವೆಯಿಲ್ಲ ಎಂಬ ಕಾನೂನು ಬಂದು ಐದು ವರ್ಷವಾಗಿತ್ತು. ಒಬ್ಬರ ಮೈ ಇನ್ನೊಬ್ಬರ ಮೈಯನ್ನು ಬಯಸಿದಾಗ ನರಗಳಲ್ಲಿ ಒಂದು ಸಣ್ಣ ಅಲೆ ಏಳುತ್ತದೆಂದೂ, ಅದನ್ನು ಅಳೆಯಬಹುದೆಂದೂ ಗೊತ್ತಾದ ಮೇಲೆ ಜನ ಸುಮ್ಮನಿರುತ್ತಾರೆಯೇ? ವಿಚ್ಛೇದನದ ಕೋರ್ಟುಗಳಲ್ಲಿ ನಿಲ್ಲಲು ಜಾಗವಿರಲಿಲ್ಲ. ಇಬ್ಬರ ತವಕದ ಅಂಕಿ ಹತ್ತಿರ ಹತ್ತಿರ ಇದ್ದರೆ ಸಂಸಾರ ನಿಲ್ಲುತ್ತದೆ ಎಂದು ಯಾರೋ ಹೇಳಿದರು, ಸರ್ಕಾರ ನಂಬಿತು, ಮದುವೆ ದಲ್ಲಾಳಿಗಳು ಸರ್ಕಾರಕ್ಕಿಂತ ಮೊದಲೇ ನಂಬಿದ್ದರು. “ಜಾತಕ ಕೂಡಿತೇನು” ಎಂದು ಕೇಳುತ್ತಿದ್ದ ಬಾಯಿಗಳೇ “ಹುಡುಗಿ ಕುರ್ಚಿ ಏರ್ಯಾಳೇನು, ಎಷ್ಟು ಬಂತು” ಎಂದು ಕೇಳತೊಡಗಿದವು.

ತೊಡಕು ಇದ್ದದ್ದು ಒಂದೇ ಕಡೆ. ಎದೆಬಡಿತ, ಉಸಿರು, ರೆಪ್ಪೆ ಬಡಿಯುವುದು, ಬೆಳಿಗ್ಗೆ ತಿಂದದ್ದು ಅರಗುವುದು, ಇವೆಲ್ಲದರ ಗದ್ದಲದಲ್ಲಿ ಆ ಸಣ್ಣ ಅಲೆ ಮುಳುಗಿಹೋಗುತ್ತಿತ್ತು. ಎಣ್ಣೆ ಅಂಗಡಿಯವನು ಮೊದಲು ಖಾಲಿ ಡಬ್ಬಿಯನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿಕೊಳ್ಳುತ್ತಾನಲ್ಲ, ಹಾಗೆ ಈ ಯಂತ್ರಕ್ಕೂ ಒಂದು ಖಾಲಿ ಡಬ್ಬಿ ಬೇಕಾಗಿತ್ತು. ಅದು ಬದುಕಿರುವ ಮೈಯಾಗಿರಬೇಕು, ಎದೆ ಬಡಿಯಬೇಕು, ತವಕ ಮಾತ್ರ ಇರಬಾರದು. ಮೊದಲು ಬೊಂಬೆ ಕೂರಿಸಿ ನೋಡಿದರು, ಆಗಲಿಲ್ಲ. ಎಂಬತ್ತು ದಾಟಿದ ಅಜ್ಜಂದಿರನ್ನು ಕೂರಿಸಿದರು, ಅಜ್ಜಂದಿರು ಇವರು ತಿಳಿದಷ್ಟು ಮುದುಕರಾಗಿರಲಿಲ್ಲ. ಒಬ್ಬ ವಿರಕ್ತರನ್ನೂ ಬೇಡಿಕೊಂಡು ಕರೆತಂದು ಕೂರಿಸಿದರು. ಆವತ್ತು ಬಂದ ಅಂಕಿಯನ್ನು ನಿರ್ದೇಶಕರಾದ ಡಾಕ್ಟರ್ ಗುರುಪಾದಯ್ಯನವರು ಇಂದಿಗೂ ಯಾರಿಗೂ ಹೇಳಿಲ್ಲ.

ಒಂದು ಮಧ್ಯಾಹ್ನ ವೈರು ಪರೀಕ್ಷಿಸಲೆಂದು ಆಗ ಕಿರಿಯ ತಂತ್ರಜ್ಞೆಯಾಗಿದ್ದ ದಾಕ್ಷಾಯಿಣಿ ತಾನೇ ಕೂತಳು. ಎದೆಬಡಿತ, ಉಸಿರು ಎಲ್ಲ ಬಂದವು, ತವಕದ ಗೆರೆ ಮಾತ್ರ ಅಲುಗಲಿಲ್ಲ. ನದಾಫ ವೈರು ಕೆಟ್ಟಿದೆಯೆಂದು ಮೂರು ಸಲ ಬದಲಾಯಿಸಿದ. ಗುರುಪಾದಯ್ಯನವರು ಓಡಿ ಬಂದು ಕನ್ನಡಕ ಏರಿಸಿಕೊಂಡು ಗೆರೆಯನ್ನೂ ಅವಳನ್ನೂ ನೋಡಿದರು.

“ನಿಮಗ ಏನೂ ಅನಸೂದಿಲ್ಲೇನು ಇದನ್ನೆಲ್ಲಾ ನೋಡಿದ್ರ?”

“ಇಲ್ರಿ ಸರ್.”

“ಯಾವಾಗಿಂದ?”

“ಹುಟ್ಟಿದಾಗಿಂದ್ರಿ.”

ಅವರು ತಲೆಯಾಡಿಸಿ ಬರೆದುಕೊಂಡರು, ವಾದ ಮಾಡಲಿಲ್ಲ. ಮೂವತ್ತು ವರ್ಷದ ಜೀವನದಲ್ಲಿ ಅವಳ ಆ ಮಾತಿಗೆ ಯಾರೂ ವಾದ ಮಾಡದೇ ಇದ್ದದ್ದು ಅದೇ ಮೊದಲು. ದಾಕ್ಷಾಯಿಣಿ ಬಚ್ಚಲಿಗೆ ಹೋಗಿ ನಲ್ಲಿ ತಿರುವಿ ಸಂತೋಷಕ್ಕೆ ಅತ್ತಳು.

ಆ ಅಳುವಿನ ಹಿಂದೆ ಹದಿನಾಲ್ಕು ವರ್ಷಗಳ ಕತೆಯಿತ್ತು. ಹದಿನಾರನೆಯ ವಯಸ್ಸಿನಲ್ಲಿ ಗೆಳತಿಯರು ಕಾಲೇಜಿನ ಹುಡುಗರ ಬಗ್ಗೆ ಪಿಸುಗುಟ್ಟಿ ನಗುವಾಗ ಅವಳೂ ನಕ್ಕಳು, ಯಾಕೆಂದು ತಿಳಿಯದೆ. ತನಗೂ ನಾಳೆ ಬರುತ್ತದೆ, ನಾಡಿದ್ದು ಬರುತ್ತದೆ ಎಂದು ಕಾದಳು. ಬರಲಿಲ್ಲ. ಅವಳಿಗೆ ಜನ ಬೇಕಿದ್ದರು. ಹರಟೆ ಬೇಕಿತ್ತು, ಜ್ವರ ಬಂದಾಗ ಹಣೆಯ ಮೇಲೆ ಒಂದು ಕೈ ಬೇಕಿತ್ತು, ಸಿನಿಮಾಕ್ಕೆ ಜೊತೆ ಬೇಕಿತ್ತು. ಆ ಒಂದು ಹಸಿವು ಮಾತ್ರ ಇರಲಿಲ್ಲ. ಇಪ್ಪತ್ತೆರಡಕ್ಕೆ ಮನೆಯಲ್ಲಿ ಹೇಳಿದಳು. ಅವ್ವ ಗೌರವ್ವ ಗುಡಿಗೆ ಹರಕೆ ಹೊತ್ತಳು. ಅಣ್ಣ ಈರಣ್ಣ “ಯಾರರ ಮನಸ್ನ್ಯಾಗ ಅದಾರೇನು, ಜಾತಿ ಬ್ಯಾರೆ ಐತೇನು, ಹೇಳಿಬಿಡು” ಎಂದು ಹೆದರಿಸಿದ. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಎಲ್ಲ ಸರಿಯಿದೆ, ಮದುವೆಯಾದರೆ ತಾನೇ ಬರುತ್ತದೆ ಎಂದರು. ಸತ್ಸಂಗ ನಡೆಸುವ ಒಬ್ಬ ಅಕ್ಕನವರು ಅವಳ ಕೈ ಹಿಡಿದು, “ಇಂದ್ರಿಯ ಗೆದ್ದೀಯವಾ ನೀನು, ಪುಣ್ಯವಂತಿ” ಎಂದರು. “ಗೆಲ್ಲಾಕ ಏನರ ಇರಬೇಕಲ್ರಿ” ಎಂದು ದಾಕ್ಷಾಯಿಣಿ ಹೇಳಿದಳು. ಅಕ್ಕನವರಿಗೆ ಅದು ವಿನಯವೆನಿಸಿತು.

ಹೀಗಿರುವಾಗ ಯಂತ್ರವೊಂದು ಎಲ್ಲರೆದುರು ಗೆರೆ ಎಳೆದು, ಈಕೆ ಹೇಳುವುದು ನಿಜ ಎಂದರೆ ಯಾರಿಗೆ ತಾನೇ ಅಳು ಬರುವುದಿಲ್ಲ?

ಅವಳು ಒಂದೇ ಒಂದು ಕಾಗದ ಕೇಳಿದಳು. ಇಂಥ ಮನುಷ್ಯರೂ ಇರುತ್ತಾರೆ, ಇದು ರೋಗವಲ್ಲ, ನಾವು ಅಳೆದು ನೋಡಿದ್ದೇವೆ ಎಂದು ಎರಡು ಸಾಲು, ಕೆಳಗೆ ಸಹಿ. ಮನೆಯಲ್ಲಿ ತೋರಿಸುವುದಕ್ಕೆ.

ಗುರುಪಾದಯ್ಯನವರು ಬಹಳ ಹೊತ್ತು ಪೆನ್ನಿನ ಟೋಪಿ ತೆಗೆದು ಹಾಕಿ ಮಾಡಿದರು. “ನೋಡವಾ, ಕಾಯ್ದೆದಾಗ ಏನೈತಿ? ಪ್ರತಿಯೊಬ್ಬ ವಯಸ್ಕರಿಗೂ ಒಂದು ಅಂಕಿ ಇರ್ತೈತಿ ಅಂತ ಐತಿ. ಸೊನ್ನೇನೂ ಇರಬಹುದು ಅಂತ ನಾನ ಬರದು ಕೊಟ್ರ ನಾಳೆ ಕಾಯ್ದೇನ ಬಿದ್ದುಹೋಗತೈತಿ. ನಿನಗೊಬ್ಬಾಕಿ ಸಲುವಾಗಿ ಇಷ್ಟೆಲ್ಲಾ ಕೆಡವಾಕ ಬರತೈತೇನು?”

ದಾಖಲೆಯಲ್ಲಿ ಅವಳ ಹೆಸರಿರಲಿಲ್ಲ. ‘ಆಧಾರ ದೇಹ: ೧’ ಎಂದಷ್ಟೇ ಇತ್ತು. ಅವಳ ಏಳು ನಿಮಿಷದ ಗೆರೆ ಸೊನ್ನೆ ಕಡತವಾಗಿ ಪ್ರತಿ ಸೋಮವಾರ ರಾಜ್ಯದ ನಲವತ್ತೆರಡು ಊರುಗಳ ಕುರ್ಚಿಗಳಿಗೆ ಹೋಗುತ್ತಿತ್ತು. ಮೈಗೆ ಅಂಟಿಸುವ ಪಟ್ಟಿಗಳ ಗುಣ ವಾರಕ್ಕೊಮ್ಮೆ ಬದಲಾಗುವುದರಿಂದ ಹಳೆಯ ಕಡತ ಮುಂದಿನ ವಾರಕ್ಕೆ ನಡೆಯುತ್ತಿರಲಿಲ್ಲ. ನಾಲ್ಕು ವರ್ಷ ಅವಳು ಹೀಗೆ ಕೂತಳು.

ಮೂವತ್ತನಾಲ್ಕನೆಯ ವಯಸ್ಸಿಗೆ ಗದುಗಿನ ಭೂಗೋಳದ ಮಾಸ್ತರ ಚನ್ನವೀರನ ಸಂಬಂಧ ಬಂತು. ಈರಣ್ಣನ ಹೆಂಡತಿ, ವೈನಿ ಸುನಂದಾ ರೊಟ್ಟಿ ಬಡಿಯುತ್ತಲೇ ಅವನ ಗುಣಗಾನ ಮಾಡಿದಳು.

“ಮೂವತ್ತೆಂಟು ವಯಸ್ಸು, ಒಂದು ಚಟ ಇಲ್ಲ. ನೀ ನೌಕರಿ ಮಾಡಿದ್ರೂ ಅಡ್ಡಿ ಇಲ್ಲಂತ. ಇನ್ನೆಂಥಾವ ಬೇಕು ನಿನಗ?”

“ವೈನಿ, ನಾ ಹನ್ನೆರಡು ವರ್ಷದಿಂದ ಅದನ್ನ ಹೇಳಾಕತ್ತೀನಿ.”

“ಹೇಳ್ತಿ, ಹೇಳ್ತಿ. ನನಗೂ ಮೊದಲ ಹಂಗ ಅನಸ್ತಿತ್ತು. ಹೆದರಿಕಿ ಅದು.”

ದಾಕ್ಷಾಯಿಣಿಗೆ ಸಿಟ್ಟು ನೆತ್ತಿಗೇರಿತು. ಆದರೂ ಈ ಸಲ ಬೇಡ ಎನ್ನಲಿಲ್ಲ. ಹುಡುಗನನ್ನು ನೋಡಿದಳು, ಮಾತಾಡಿಸಿದಳು. ನದಿಗಳು ದಿಕ್ಕು ಬದಲಿಸುವ ಬಗ್ಗೆ ಅವನು ಅರ್ಧ ಗಂಟೆ ಮಾತಾಡಿದ, ಅವಳಿಗೆ ಖುಷಿಯಾಯಿತು. ಇಂಥವನ ಜೊತೆ ಒಂದೇ ಸೂರಿನಡಿ ಹರಟೆ ಹೊಡೆಯುತ್ತ ಬಾಳುವುದು ಸಾಧ್ಯವೇನೋ ಎಂದೂ ಅನ್ನಿಸಿತು, ಅವನು ಅವಳನ್ನು ನಂಬಿದರೆ. ನಂಬಿಸಲು ಅವಳ ಬಳಿ ಈಗ ದಾರಿಯಿತ್ತು. ಮದುವೆಗೆ ಕುರ್ಚಿ ಏರಲೇಬೇಕು. ಎಲ್ಲರೆದುರು ಏರುತ್ತೇನೆ, ಸೊನ್ನೆ ಬರುತ್ತದೆ, ನನ್ನ ಬಾಯಿಮಾತನ್ನು ನಂಬದವರು ಯಂತ್ರವನ್ನಾದರೂ ನಂಬುತ್ತಾರೆ ಎಂದು ಅವಳು ಲೆಕ್ಕ ಹಾಕಿದಳು. ಕೇಂದ್ರದ ಸಿಬ್ಬಂದಿ ಬೇರೆ ಕಡೆಯೇ ಪರೀಕ್ಷೆ ಮಾಡಿಸಬೇಕೆಂಬ ನಿಯಮವಿತ್ತು. ಹೀಗಾಗಿ ಹುಬ್ಬಳ್ಳಿಗೆ ಹೋದರು.

ಹುಬ್ಬಳ್ಳಿಯ ಕೇಂದ್ರದಲ್ಲಿ ಮದುವೆ ಮನೆಯಷ್ಟೇ ಗದ್ದಲ. ಬೀಗರಾಗುವವರಿಗೆ ಸೋಫಾ, ಚಹಾ, ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ದೊಡ್ಡ ಪರದೆ. ಅವ್ವ, ಅಣ್ಣ, ವೈನಿ ಒಂದು ಕಡೆ, ಚನ್ನವೀರ ಮತ್ತು ಅವನ ತಾಯಿ ಇನ್ನೊಂದು ಕಡೆ ಕೂತರು. ದಾಕ್ಷಾಯಿಣಿ ಸೀರೆ ಸರಿಪಡಿಸಿಕೊಂಡು ಕುರ್ಚಿ ಏರಿದಳು. ಏಳು ನಿಮಿಷ ಮುಗಿಯಿತು. ಪರದೆಯ ಮೇಲೆ ಅಕ್ಷರಗಳು ಮೂಡಿದವು.

‘ಕುರ್ಚಿಯಲ್ಲಿ ಯಾರೂ ಇಲ್ಲ. ದಯವಿಟ್ಟು ವ್ಯಕ್ತಿಯನ್ನು ಕೂರಿಸಿ.’

ಎಲ್ಲರೂ ಸಾಲನ್ನು ಓದಿದರು. ಆಮೇಲೆ ಚನ್ನವೀರನ ತಾಯಿ ನಕ್ಕಳು, ಅವಳ ಹಿಂದೆ ವೈನಿ, ಅವರ ಹಿಂದೆ ಸೋಫಾದಲ್ಲಿದ್ದ ಇಡೀ ಜನ. ಈರಣ್ಣ, “ಏನ್ರೀ ಇದು, ನಮ್ಮ ತಂಗಿ ದೆವ್ವ ಏನು?” ಎಂದ. ಇನ್ನಷ್ಟು ನಗು. ದಾಕ್ಷಾಯಿಣಿ ಮಾತ್ರ ಕುರ್ಚಿಯ ಕೈಗಳನ್ನು ಹಿಡಿದುಕೊಂಡು ಆ ಸಾಲನ್ನೇ ನೋಡುತ್ತಿದ್ದಳು. ಯಂತ್ರ ಅವಳಿಂದ ಅವಳನ್ನೇ ಕಳೆದಿತ್ತು. ಡಬ್ಬಿಯಲ್ಲಿ ಡಬ್ಬಿಯನ್ನು ಕಳೆದರೆ ಏನುಳಿಯುತ್ತದೆ? ಉಸಿರೂ ಉಳಿದಿರಲಿಲ್ಲ, ಎದೆಬಡಿತವೂ ಉಳಿದಿರಲಿಲ್ಲ. ಇಷ್ಟು ಕೆಳಗೆ ಬಂದರೆ ಕುರ್ಚಿ ಖಾಲಿ ಎಂದು ತಿಳಿಯಬೇಕು ಎಂಬ ಆ ಸಾಲನ್ನು ಯಂತ್ರದೊಳಗೆ ಬರೆದವಳು ಅವಳೇ. ಕೆಲಸಕ್ಕೆ ಸೇರಿದ ಮೊದಲ ವರ್ಷ, ನಿರ್ದೇಶಕರು ಹೇಳಿದಂತೆ ಬರೆದಿದ್ದಳು. ಆಗ ಅವಳು ಇನ್ನೂ ಸೊನ್ನೆಗೆ ಕೂತಿರಲಿಲ್ಲ, ಆಮೇಲೆ ಅದನ್ನು ತಿದ್ದಬೇಕೆಂದು ಅವಳಿಗೂ ಹೊಳೆಯಲಿಲ್ಲ, ಬೇರೆಯವರಿಗೂ ಹೊಳೆಯಲಿಲ್ಲ.

“ಕೆಟ್ಟಿಲ್ರಿ ಮಷೀನು,” ಎಂದಳು. “ಅದು ಹೇಳೂದು ಖರೇನ ಐತಿ. ನಂದು ಸೊನ್ನೆ. ನಾ ಧಾರವಾಡದಾಗ ಅದ ಕೆಲಸಾ ಮಾಡ್ತೀನಿ, ನನಗ ಗೊತ್ತೈತಿ.”

“ಸೊನ್ನೆ ಅಂತ ಯಾರಿಗೂ ಬರೂದಿಲ್ರಿ ಅಕ್ಕಾರ,” ಎಂದ ಆಪರೇಟರ್ ಸಮಾಧಾನದ ದನಿಯಲ್ಲಿ. ಪಟ್ಟಿ ಒರೆಸಿ ಎರಡು ಸಲ ಮತ್ತೆ ನೋಡಿದ. ಯಾರೂ ಇಲ್ಲ, ಯಾರೂ ಇಲ್ಲ. ಹೊರಗೆ ಸರದಿ ಬೆಳೆಯುತ್ತಿತ್ತು. ಅವನು ಒಂದು ಗುಂಡಿ ಒತ್ತಿದ, ಚೀಟಿ ಹೊರಬಂತು. ‘ದಾಕ್ಷಾಯಿಣಿ ಗುಡಗೇರಿ: ೫೨’.

“ಇದೆಲ್ಲಿಂದ ಬಂತು?” ಎಂದಳು ಅವಳು.

“ಮಷೀನು ಹಿಡೀಲಿಲ್ಲಂದ್ರ ರಾಜ್ಯದ ಸರಾಸರಿ ತುಂಬೂದ್ರಿ. ಎಲ್ಲಾ ಕಡೆ ಹಂಗ ಮಾಡ್ತೀವಿ. ಚಿಂತಿ ಮಾಡಬ್ಯಾಡ್ರಿ, ಐವತ್ತೆರಡು ಚಲೋ ಅಂಕಿ.”

ಚನ್ನವೀರನದು ಐವತ್ತೆಂಟೂ ಚುಕ್ಕಿ ನಾಲ್ಕು ಬಂತು. ಹೊಂದಿತು. ಅವ್ವ ಚೀಟಿಯನ್ನು ಕಣ್ಣಿಗೊತ್ತಿಕೊಂಡಳು. ದಾರಿಯುದ್ದಕ್ಕೂ ದಾಕ್ಷಾಯಿಣಿ ಹೇಳಿದ್ದನ್ನೇ ಹೇಳಿದಳು, ಕೊನೆಗೆ ಅವ್ವ ರೇಗಿದಳು. “ಕಾಗದದಾಗ ಬರದೈತಿ, ಐವತ್ತೆರಡು ಅಂತ. ಓದಿದಾಕಿ ಅದೀ, ಕಾಗದಾ ನಂಬೂದಿಲ್ಲೇನು?”

ಮರುದಿನ ಅವಳು ನಿಯಂತ್ರಣ ಕೊಠಡಿಯಲ್ಲಿ ಕೂತು ನಲವತ್ತೆರಡು ಊರುಗಳಿಂದ ಬರುವ ಅಂಕಿಗಳ ಪಟ್ಟಿಯನ್ನು ನೋಡಿದಳು. ನಾಲ್ಕು ವರ್ಷ ದಿನಾ ನೋಡಿದ ಪಟ್ಟಿಯೇ. ಕುರ್ಚಿ ಅಳೆದ ಅಂಕಿಗೆ ಯಾವಾಗಲೂ ಚುಕ್ಕಿ ಇರುತ್ತದೆ. ನಲವತ್ತೇಳೂ ಚುಕ್ಕಿ ಒಂದು, ಅರವತ್ತಾರೂ ಚುಕ್ಕಿ ಎಂಟು, ಹೀಗೆ. ಕೈಯಿಂದ ತುಂಬಿದ ಸರಾಸರಿಗೆ ಚುಕ್ಕಿ ಇರುವುದಿಲ್ಲ. ಇಳಕಲ್: ೫೨. ಅರಸೀಕೆರೆ: ೫೨. ಬೀದರ: ೫೨, ಮತ್ತೆ ೫೨. ಸಂಜೆಯ ಹೊತ್ತಿಗೆ ಚುಕ್ಕಿ ಇಲ್ಲದ ಐವತ್ತೆರಡು ಹತ್ತೊಂಬತ್ತು ಬಂದಿದ್ದವು. ಕೆಲವು ನಿಜವಾಗಿ ವೈರು ಕೆಟ್ಟದ್ದಿರಬಹುದು. ಎಲ್ಲವೂ? ದಿನಾ? ತನ್ನಂಥವರು ಜಗತ್ತಿನಲ್ಲಿ ಯಾರೂ ಇಲ್ಲ ಎಂದು ಅವಳು ರಾತ್ರಿಗಟ್ಟಲೆ ಅತ್ತಿದ್ದಳು. ಅವರೆಲ್ಲ ಅವಳ ಕಣ್ಣೆದುರೇ ಸರಾಸರಿಯಾಗಿ ಸಾಲುಸಾಲಾಗಿ ಮದುವೆ ಮಂಟಪಕ್ಕೆ ಹೋಗುತ್ತಿದ್ದರು.

ಸೋಮವಾರ ಅವಳು ಸೊನ್ನೆಗೆ ಕೂರಲಿಲ್ಲ. ಗುರುಪಾದಯ್ಯನವರ ಮೇಜಿನ ಮುಂದೆ ನಿಂತಳು.

“ಕಾಗದಾ ಬರದು ಕೊಡ್ರಿ, ಕುಂದರತೀನಿ. ಸರಾಸರಿ ತುಂಬೂದನ್ನ ನಿಲ್ಲಸ್ರಿ, ಕುಂದರತೀನಿ.”

“ಬ್ಲ್ಯಾಕ್‌ಮೇಲ್ ಮಾಡ್ತೀಯೇನು?” ಅವರ ಮುಖ ಕೆಂಪಾಯಿತು. “ಎಷ್ಟು ದೊಡ್ಡಾಕಿ ಆಗೀ ನೀ? ನಾಲ್ಕು ವರ್ಷ ಸುಮ್ನ ಕುಂತಿ, ಅಷ್ಟ. ಮನಸ್ಸು ಶಾಂತ ಇಟ್ಟುಕೊಂಡ ಯಾವ ಮನಷ್ಯಾನರ ಸೊನ್ನೆಗೆ ಕುಂದರಬಹುದು. ನಾನೂ ಕುಂದರತೀನಿ. ದಿನಾ ಎರಡು ತಾಸು ಧ್ಯಾನಾ ಮಾಡಾಂವ ನಾನು.”

“ಸರ್, ಬ್ಯಾಡ್ರಿ” ಎಂದ ನದಾಫ. ನಿರ್ದೇಶಕರು ಕೇಳಲಿಲ್ಲ, ಕೂತರು. ದಾಕ್ಷಾಯಿಣಿ ಗೆರೆ ನೋಡಲು ನಿಲ್ಲದೆ ಮನೆಗೆ ಹೋಗಿದ್ದಳು, ನದಾಫನಿಗೆ ಬಾಯಿ ತೆರೆಯುವ ಧೈರ್ಯವಿರಲಿಲ್ಲ. ಕಡತ ನಲವತ್ತೆರಡು ಊರಿಗೆ ಹೋಯಿತು.

ಅರವತ್ತು ದಾಟಿದ ಆ ಧ್ಯಾನಿಯ ತವಕ ಎಷ್ಟಿತ್ತೆಂಬುದು ಹನ್ನೊಂದು ಗಂಟೆಯೊಳಗೆ ರಾಜ್ಯಕ್ಕೇ ತಿಳಿಯಿತು. ಈಗ ಪ್ರತಿಯೊಬ್ಬರ ಅಲೆಯಿಂದಲೂ ಗುರುಪಾದಯ್ಯನವರ ಅಲೆ ಕಳೆಯುತ್ತಿತ್ತು. ಅವರಿಗಿಂತ ಕಡಿಮೆ ಇದ್ದವರೆಲ್ಲ ಸೊನ್ನೆಯ ಕೆಳಗೆ ಇಳಿದರು. ಇಪ್ಪತ್ತೈದರ ಹುಡುಗರು, ಓಡಿಹೋಗಿ ಮದುವೆಯಾಗಲು ಬಂದ ಪ್ರೇಮಿಗಳು, ಎರಡನೆಯ ಮದುವೆಗೆ ಹೊರಟ ಗುತ್ತಿಗೆದಾರರು, ಎಲ್ಲರಿಗೂ ಒಂದೇ ಉತ್ತರ: ‘ಕುರ್ಚಿಯಲ್ಲಿ ಯಾರೂ ಇಲ್ಲ.’ ಹತ್ತರಲ್ಲಿ ಒಂಬತ್ತು ಮಂದಿಗೆ ಹೀಗಾದಾಗ ಸರಾಸರಿ ತುಂಬಲೂ ಬರುವುದಿಲ್ಲ, ಯಂತ್ರ ಬೀಗ ಹಾಕಿಕೊಳ್ಳುತ್ತದೆ.

ಎಂಥ ರಂಪ! ಕಲಬುರಗಿಯಲ್ಲಿ ಒಬ್ಬ ಮದುಮಗ ಪರದೆಗೆ ಕಲ್ಲು ಹೊಡೆದ. ಟಿವಿಯಲ್ಲಿ ಒಬ್ಬಳು ಹುಡುಗಿ, “ನಾನಿದೀನಿ, ಇಲ್ಲೇ ಕೂತಿದೀನಿ, ಇಲ್ಲ ಅಂತ ಹೇಗೆ ಹೇಳುತ್ತೆ?” ಎಂದು ಬಿಕ್ಕಿ ಬಿಕ್ಕಿ ಅತ್ತಳು, ನೋಡಿದವರೆಲ್ಲ ಕಣ್ಣೊರೆಸಿಕೊಂಡರು. ಎರಡೇ ತಾಸಿನಲ್ಲಿ ಮಂತ್ರಿಗಳು ಕ್ಷಮೆ ಕೇಳಿದರು. ಯಂತ್ರ ತಪ್ಪು, ಜನ ಸರಿ ಎಂದರು. ಕುರ್ಚಿಯಲ್ಲಿ ಇಲ್ಲವಾದ ಆ ಜನರನ್ನು ಯಾರೂ ಗುಡಿಗೆ ಕರೆದೊಯ್ಯಲಿಲ್ಲ, ಯಾರನ್ನೂ ರಕ್ತ ಪರೀಕ್ಷೆಗೆ ಕಳಿಸಲಿಲ್ಲ. ಹೆಚ್ಚು ಮಂದಿ ಇದ್ದರೆ ಸಾಕು, ಎರಡು ತಾಸಿನಲ್ಲಿ ನಂಬುತ್ತಾರೆ.

ಮಂಗಳವಾರ ಚನ್ನವೀರ ಫೋನು ಮಾಡಿದ. ನೋಂದಣಿಗೆ ಹೊಸ ಚೀಟಿ ಬೇಕೆಂದು ಹಿಂದಿನ ದಿನ ಬೆಳಿಗ್ಗೆ ಗದುಗಿನಲ್ಲಿ ಕುರ್ಚಿ ಏರಿದ್ದನಂತೆ. ಅವನಿಗೂ ಅದೇ ಸಾಲು. ಧ್ವನಿ ನಡುಗುತ್ತಿತ್ತು.

“ಎಲ್ಲಾರೂ ನಕ್ರು ಗೊತ್ತೇನು? ನನ್ನ ವಿದ್ಯಾರ್ಥಿ ಒಬ್ಬ ಅಲ್ಲೇ ಇದ್ದ. ನಾ ಅಲ್ಲೇ ಕುಂತೀನಿ, ಮಷೀನು ಯಾರೂ ಇಲ್ಲ ಅಂತೈತಿ. ನಿಮಗೂ ಆವತ್ತ ಹಿಂಗ ಆಗಿತ್ತಲ್ಲಾ. ನಾನೂ ನಕ್ಕಿದ್ದೆ. ತಪ್ಪಾತ್ರಿ.”

ದಾಕ್ಷಾಯಿಣಿ ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಸಿಕ್ಕ, ಕೊನೆಗೂ ಒಬ್ಬ ಸಿಕ್ಕ ಎನ್ನಿಸಿತು. ಬುಧವಾರ ಅವನು ಧಾರವಾಡಕ್ಕೆ ಬಂದ. ಇಬ್ಬರೂ ಕೆಲಗೇರಿ ಕೆರೆಯ ದಂಡೆಯ ಮೇಲೆ ಗಿರ್ಮಿಟ್ ತಿನ್ನುತ್ತ ಮೂರು ತಾಸು ಕೂತರು. ಅವಳು ಎಲ್ಲವನ್ನೂ ಹೇಳಿದಳು. ಹದಿನಾರರ ನಗು, ಹರಕೆ, ಆಧಾರ ದೇಹ, ಚುಕ್ಕಿ ಇಲ್ಲದ ಅಂಕಿ, ಎಲ್ಲ. ಅವನು ನಡುವೆ ಬಾಯಿ ಹಾಕಲಿಲ್ಲ.

“ಹಂಗಂದ್ರ ನಿಮಗ ಮಂದೀ ಮ್ಯಾಲ ಪ್ರೀತಿ ಇಲ್ಲಂತಲ್ಲ.”

“ಅಲ್ರಿ. ನಿಮ್ಮ ಜೋಡಿ ಕುಂತು ಮಾತಾಡೂದು ನನಗ ಭಾಳ ಸೇರತೈತಿ. ಅದರ ಮುಂದಿಂದು ಇಲ್ಲ. ಬರೂದೂ ಇಲ್ಲ. ಇಷ್ಟ ಸಾಕು ಅನ್ನಾವರಿದ್ರ ಬಾಳೇವು ಮಾಡಬಹುದು. ಸಾಲದು ಅಂದ್ರೂ ನನಗ ಸಿಟ್ಟಿಲ್ಲ. ನಂಬಿದ್ರ ಸಾಕು.”

“ನಂಬ್ತೀನ್ರಿ,” ಎಂದ ಚನ್ನವೀರ. “ಕುರ್ಚಿ ಮ್ಯಾಲ ಕುಂತು ನೋಡೇನಿ. ಇದ್ದಾಂವನ್ನ ಇಲ್ಲ ಅಂದ್ರ ಹೆಂಗಾಗತೈತಿ ಅಂತ ನನಗ ತಿಳದೈತಿ. ನಾಕು ದಿನಾ ಕೊಡ್ರಿ, ಅವ್ವಗ ನಾನ ತಿಳಿಸಿ ಹೇಳ್ತೀನಿ.”

ಮನೆಗೆ ಬರುವಾಗ ಅವಳು ಹಾಡು ಗುನುಗಿದ್ದನ್ನು ವೈನಿ ನೋಡಿದಳು, ತನಗೆ ಬೇಕಾದ ಅರ್ಥ ಮಾಡಿಕೊಂಡಳು.

ಗುರುವಾರ ಗುರುಪಾದಯ್ಯನವರೇ ಅವಳ ಮನೆಗೆ ಬಂದರು. ಮೂರು ದಿನದಲ್ಲಿ ಮುಖ ಇಳಿದುಹೋಗಿತ್ತು. ಸೊನ್ನೆಗೆ ಕೂತದ್ದು ಯಾರೆಂಬುದು ಹೊರಬಿದ್ದು, ರಾಜ್ಯದ ಹುಡುಗರೆಲ್ಲ ಅವರ ತವಕದ ಬಗ್ಗೆ ಆಡಿಕೊಳ್ಳುತ್ತಿದ್ದರು. ಕಾಗದ ಕೊಡುತ್ತೇನೆ, ಬಾ ತಾಯಿ ಎಂದರು. ಸರಾಸರಿಯ ವಿಷಯ ಮಾತ್ರ ನನ್ನ ಕೈಯಲ್ಲಿಲ್ಲ, ಮೇಲಿನವರದು ಎಂದರು. ಅವ್ವ ಮಗಳ ಕೈ ಹಿಡಿದಳು. “ಮಂದೀ ಮದಿವಿ ನಿಂತಾವು ದಾಕ್ಷಾ, ಶಾಪ ತಟ್ಟತೈತಿ.” ದಾಕ್ಷಾಯಿಣಿಗೂ ಮಂದಿಯ ಮದುವೆ ಕೆಡಿಸಬೇಕೆಂದಿರಲಿಲ್ಲ. ಅವಳಿಗೆ ಬೇಕಿದ್ದದ್ದು ಎರಡು ಸಾಲು. ಹೋಗಿ ಸೊನ್ನೆಗೆ ಕೂತಳು. ಮಧ್ಯಾಹ್ನದೊಳಗೆ ನಲವತ್ತೆರಡು ಊರಿನ ಜನ ಮತ್ತೆ ಕುರ್ಚಿಯಲ್ಲಿ ಕಾಣಿಸತೊಡಗಿದರು.

ಸಂಜೆ ಕೈಗೆ ಬಂದ ಕಾಗದ ಹೀಗಿತ್ತು: ‘ಆಧಾರ ದೇಹ ೧ ಅನ್ನು ಈ ದಿನಾಂಕದಂದು ಪರಿಶೀಲಿಸಲಾಯಿತು. ಸುಸ್ಥಿತಿಯಲ್ಲಿದೆ. ಬದಲಿಸುವ ಅಗತ್ಯ ಕಂಡುಬಂದಿಲ್ಲ.’ ಕೆಳಗೆ ದುಂಡಗಿನ ಸಹಿ, ಮೊಹರು. ಅವಳು ಅದನ್ನು ಎರಡು ಸಲ ಓದಿದಳು. ನದಾಫ ಇಣುಕಿ ನೋಡಿ, “ನಮ್ಮ ಜನರೇಟರಿಗೂ ಇಂಥಾದ ಕಾಗದ ಕೊಟ್ಟಾರ್ರಿ ಮೇಡಂ” ಎಂದ, ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ.

ಹೋಗಲಿ, ಚನ್ನವೀರನಿದ್ದಾನಲ್ಲ ಎಂದುಕೊಂಡಳು ದಾಕ್ಷಾಯಿಣಿ.

ಅವನು ರವಿವಾರ ಬಂದ, ತಾಯಿಯನ್ನು ಕರೆದುಕೊಂಡು. ಒಂದು ಕೈಯಲ್ಲಿ ಹಣ್ಣಿನ ಚೀಲ, ಜೇಬಿನಲ್ಲಿ ಹೊಸ ಚೀಟಿ: ಐವತ್ತೆಂಟೂ ಚುಕ್ಕಿ ಆರು. ಮುಖದಲ್ಲಿ ಕಳೆ ಬಂದಿತ್ತು. ಹಿರಿಯರು ಒಳಗೆ ದಿನ ಗೊತ್ತುಮಾಡುವಾಗ ಇಬ್ಬರನ್ನೂ ಪಡಸಾಲೆಯಲ್ಲಿ ಬಿಟ್ಟರು.

“ನಿಮ್ಮ ಅವ್ವಾರಿಗೆ ಹೇಳಿದ್ರೇನು?” ಎಂದಳು.

ಅವನು ಬಾಳೆಹಣ್ಣಿನ ಸಿಪ್ಪೆಯನ್ನು ನೀಟಾಗಿ ಮಡಚಿದ. “ನೋಡ್ರಿ, ಆವತ್ತ ನನ್ನ ತಲಿ ಸರಿ ಇರಲಿಲ್ಲ. ಆಮ್ಯಾಲ ವಿಚಾರ ಮಾಡಿದೆ. ನಂದು ಮಷೀನ್ ತಪ್ಪು ಇತ್ತು, ಸರಿ ಆತು. ನಿಮ್ದು ಬ್ಯಾರೆ.”

“ಬ್ಯಾರೆ ಅಂದ್ರ?”

“ಹುಬ್ಬಳ್ಯಾಗ ಒಬ್ರು ಡಾಕ್ಟರ್ ಅದಾರಂತ, ಇಂಥಾದ್ದಕ್ಕ. ತೋರಸೂಣು. ನಾ ನಿಮ್ಮನ್ನ ಬಿಡೂದಿಲ್ಲ, ಹೆದರಬ್ಯಾಡ್ರಿ. ಎಷ್ಟು ವರ್ಷ ಆದ್ರೂ ಕಾಯ್ತೀನಿ, ನೀವು ಸರಿ ಆಗೂತನಾ.”

ಒಳ್ಳೆಯ ಮಾತೆಂದೇ ಅವನು ಅದನ್ನು ಹೇಳಿದ್ದ. ಅದೇ ಅವಳ ಎದೆಗೆ ಕೊಳ್ಳಿ ಇಟ್ಟಂತಾಯಿತು. ನಕ್ಕವರನ್ನು ಮರೆಯಬಹುದು, ಬೈದವರನ್ನು ಕ್ಷಮಿಸಬಹುದು. ಆ ಕುರ್ಚಿಯ ಮೇಲೆ ತಾನೇ ಕೂತು, ಇಲ್ಲವಾಗಿ, ನಡುಗಿ, ಆಮೇಲೆ ಒಂದು ಚುಕ್ಕಿ ಸಿಕ್ಕ ಕೂಡಲೇ ಎಲ್ಲ ಮರೆತವನನ್ನು ಏನು ಮಾಡುವುದು? ದಾಕ್ಷಾಯಿಣಿ ಒಳಗೆ ಹೋಗಿ, ಹಿರಿಯರೆದುರು ನಿಂತು, ಮದುವೆ ಇಲ್ಲ ಎಂದಳು. ಅವ್ವ ಎದೆ ಬಡಿದುಕೊಂಡು ಅತ್ತಳು. ಈರಣ್ಣ ಕೈ ಎತ್ತಿದ, ಹೊಡೆಯಲಿಲ್ಲ. ಚನ್ನವೀರನ ತಾಯಿ ಹಣ್ಣಿನ ಚೀಲವನ್ನು ತಿರುಗಿ ಒಯ್ದಳು. ಅಂದಿನಿಂದ ಮನೆಯಲ್ಲಿ ಅವಳ ತಾಟಿಗೆ ಊಟ ಬಡಿಸುತ್ತಿದ್ದರು, ಮಾತು ಬಡಿಸುತ್ತಿರಲಿಲ್ಲ.

ಮರುದಿನ ಸೊನ್ನೆ ಕಡತದ ಜೊತೆ ಅವಳು ಇನ್ನೊಂದನ್ನೂ ನಲವತ್ತೆರಡು ಊರಿಗೆ ಕಳಿಸಿದಳು. ತಾನು ಬರೆದ ಆ ಹಳೆಯ ಸಾಲನ್ನು ಅಳಿಸಿ ಹೊಸದು ಬರೆದಿದ್ದಳು.

‘ಕುರ್ಚಿಯಲ್ಲಿ ಒಬ್ಬರು ಕೂತಿದ್ದಾರೆ. ಅವರು ಹೇಳುವುದನ್ನು ಕೇಳಿ.’

ಗುರುಪಾದಯ್ಯನವರಿಗೆ ತಿಳಿದಾಗ ಕೂಗಾಡಿದರು. “ತಗೀ ಅದನ್ನ, ಈಗಿಂದೀಗ!”

“ತಗೀರಿ ಸರ್. ಬರೋ ಸೋಮವಾರ ನೀವ ಕುಂದರ್ರಿ.”

ಅವರು ತಮ್ಮ ಕೊಠಡಿಗೆ ಹೋಗಿ ಬಾಗಿಲು ಹಾಕಿಕೊಂಡರು. ಸಾಲು ಉಳಿಯಿತು. ಉಳಿದು ಏನಾಯಿತು? ಮೊದಲ ವಾರ ಕೆಲವು ಆಪರೇಟರುಗಳು ಇದೇನೆಂದು ಕೇಳಿ ಬರೆದರು. ಎರಡನೆಯ ವಾರದ ಹೊತ್ತಿಗೆ ‘ಮುಂದೆ’ ಎಂಬ ಗುಂಡಿ ಒತ್ತಿದರೆ ಸಾಲು ಮಾಯವಾಗುತ್ತದೆಂದು ಎಲ್ಲರಿಗೂ ಗೊತ್ತಾಯಿತು. ಎರಡು ಸೆಕೆಂಡು ಸಾಲು, ಆಮೇಲೆ ಸರಾಸರಿ. ದಿನಕ್ಕೆ ಹದಿನೆಂಟು, ಹತ್ತೊಂಬತ್ತು, ಒಮ್ಮೊಮ್ಮೆ ಇಪ್ಪತ್ತೆರಡು.

ಮೂರನೆಯ ತಿಂಗಳು ಸಿಂಧನೂರಿನಿಂದ ಫೋನು ಬಂತು.

“ಮೇಡಂ, ಒಂದು ಸಾಲು ಬಂದು ನಿಂತೈತ್ರಿ, ಹೋಗವಲ್ದು. ‘ಮುಂದೆ’ ಗುಂಡಿ ಕೆಟ್ಟೈತಿ. ಏನ್ ಮಾಡ್ಬೇಕ್ರಿ?”

ದಾಕ್ಷಾಯಿಣಿ ಎದ್ದು ನಿಂತಳು. “ಯಾರು ಕುಂತಾರ ಕುರ್ಚಿ ಮ್ಯಾಲ?”

“ಮದಿವಿ ಹುಡುಗ್ರಿ. ಬೀಗರು ಹೊರಗ ಕಾಯಾಕತ್ತಾರ.”

“ಅವ್ರ ಕೈಯಾಗ ಫೋನ್ ಕೊಡ್ರಿ. ಕೊಟ್ರ ಗುಂಡಿ ಹೆಂಗ ಸರಿ ಮಾಡೂದು ಅಂತ ಹೇಳ್ತೀನಿ.”

ಫೋನು ಕೈ ಬದಲಾಯಿತು. ಆ ಕಡೆ ಉಸಿರಾಟ ಮಾತ್ರ ಕೇಳಿತು.

“ಅಲ್ಲೇ ಅದೀರಲ್ರಿ?” ಎಂದಳು.

“ಅದೀನ್ರಿ,” ಎಂದಿತು ಒಂದು ಸಣ್ಣ ಗಂಡುದನಿ. “ಮೂರು ಸಲ ಓದಿದೆ ಆ ಸಾಲು. ಯಾರ್ರಿ ಬರದಾವರು?”

“ನಾನ್ರಿ. ನಂದೂ ನಿಮ್ಮಂಗ ಐತಿ. ಹೇಳ್ರಿ, ನಾ ಕೇಳಾಕತ್ತೀನಿ.”

ಅವನು ಒಮ್ಮೆಲೇ ಉಸಿರು ಬಿಟ್ಟ, ಬಹಳ ದೂರ ಹೊತ್ತ ಮೂಟೆಯನ್ನು ಇಳಿಸಿದವನ ಹಾಗೆ. “ಅಕ್ಕಾರ, ನಾ ಸಣ್ಣಾವಿದ್ದಾಗಿಂದ್ರಿ...”

ಹಿಂದಿನಿಂದ ಯಾರದೋ ಗಡಸು ದನಿ ಕೇಳಿತು. “ಯಾರ ಜೋಡಿ ಮಾತಾಡ್ತಿಯೋ? ಇಡು ಅದನ್ನ.” ಫೋನು ಮತ್ತೆ ಆಪರೇಟರನ ಕೈಗೆ ಹೋಯಿತು. “ಆತ್ರಿ, ಗುಂಡಿ ಬಡದೆ, ಸರಿ ಆತು.” ಫೋನು ಕಟ್ಟಾಯಿತು.

ಅವಳು ತಿರುಗಿ ಹಚ್ಚಿದಳು. ಯಾರೂ ಎತ್ತಲಿಲ್ಲ. ಮತ್ತೆ ಹಚ್ಚಿದಳು. ಎದುರಿನ ಪಟ್ಟಿಯಲ್ಲಿ ಹೊಸದೊಂದು ಅಂಕಿ ಬಂದು ಕೂತಿತು. ಸಿಂಧನೂರು: ೫೨. ಮುಂದೆ ಚುಕ್ಕಿ ಇರಲಿಲ್ಲ.